ಟಿವಿ ಗೋಡೆಗೆ ಎಷ್ಟು ಎತ್ತರಕ್ಕೆ ಹಾಕಿಸಬೇಕು? ಐದಡಿ ಅಂತಾರೆ, ನನಗ್ಯಾಕೋ ಒಪ್ಪಿಗೆ ಆಗ್ತಿಲ್ಲ

ಹೊಸಗೋಡೆ

ಎಲ್ಲರಿಗೂ ನಮಸ್ಕಾರ. ಶನಿವಾರ ಟಿವಿ ಹಾಕೋಕೆ ಬರ್ತಾರೆ, ಅಷ್ಟರೊಳಗೆ ಎತ್ತರ ತೀರ್ಮಾನ ಆಗಬೇಕು. 55 ಇಂಚಿನ ಟಿವಿ. ಸೋಫಾದಲ್ಲಿ ಒರಗಿ ಕೂತರೆ ನನ್ನ ಕಣ್ಣಿನಿಂದ ಗೋಡೆಗೆ 270 ಸೆಂ.ಮೀ. ಫಿಟ್ಟಿಂಗ್ ಮಾಡೋರಿಗೆ ಫೋನ್ ಮಾಡಿದ್ರೆ, "ಟಿವಿ ಮಧ್ಯಭಾಗ ಐದಡಿಗೆ ಬರುತ್ತೆ, ಎಲ್ಲ ಕಡೆ ಹಾಗೇ ಹಾಕೋದು" ಅಂದ್ರು.

ನನ್ನ ಹೆದರಿಕೆಗೆ ಕಾರಣ ಹಳೆ ಮನೆ. ಅಲ್ಲಿ ಹಾಕಿಸೋ ದಿನ ಎಲ್ಲರೂ ನಿಂತುಕೊಂಡೇ ನೋಡಿ "ಚೆನ್ನಾಗಿ ಕಾಣುತ್ತೆ" ಅಂತ ಒಪ್ಪಿಬಿಟ್ವಿ. ಆಮೇಲೆ ಆರು ವರ್ಷ ಕೂತುಕೊಂಡು ನೋಡಿದ್ವಿ. ಒಂದು ಸಿನಿಮಾ ಮುಗಿಯೋ ಹೊತ್ತಿಗೆ ಅಮ್ಮ ಕತ್ತು ಹಿಡ್ಕೊಂಡು ಎದ್ದು ಹೋಗೋರು. ದಿಂಬಿನ ತಪ್ಪು ಅಂದ್ಕೊಂಡು ಮೂರು ದಿಂಬು ಬದಲಾಯಿಸಿದ್ವಿ. ನೆಂಟರ ಮನೆಯಲ್ಲಿ ಟಿವಿ ಮೇಜಿನ ಮೇಲಿತ್ತು, ಅಲ್ಲಿ ಅಮ್ಮ ಮೂರು ಗಂಟೆ ಆರಾಮಾಗಿ ಕೂತಿದ್ದು ಕಂಡಾಗಲೇ ನನಗೆ ವಿಷಯ ಹೊಳೆದಿದ್ದು. ಅವರಿಗೀಗ 68 ವರ್ಷ. ಈ ಸಲ ತಪ್ಪು ಮಾಡೋ ಹಾಗಿಲ್ಲ.

ಟಿವಿ ಕೆಳಗೆ 50 ಸೆಂ.ಮೀ. ಎತ್ತರದ ಕ್ಯಾಬಿನೆಟ್, ಅದರ ಮೇಲೆ ಸೌಂಡ್‌ಬಾರ್ ಬರುತ್ತೆ. ಕಣ್ಣಿನ ಮಟ್ಟಕ್ಕೆ ಟಿವಿಯ ಯಾವ ಭಾಗ ಬರಬೇಕು? ಮಧ್ಯವೋ, ಕೆಳ ಅಂಚೋ?

ರಸಮಟ್ಟ

ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಸರ್. ಐದಡಿ ಲೆಕ್ಕ ಎಲ್ಲಿಂದ ಬಂತು ಅಂತ ಹೇಳ್ತೀನಿ. ಕೆಲಸ ಮಾಡುವಾಗ ನಾವು ನಿಂತಿರ್ತೀವಿ, ಮನೆಯವರೂ ಪಕ್ಕದಲ್ಲಿ ನಿಂತಿರ್ತಾರೆ. ನಿಂತವರ ಕಣ್ಣಿಗೆ ಐದಡಿ ಸರಿಯಾಗೇ ಕಾಣುತ್ತೆ. ಚಿತ್ರಶಾಲೆಗಳಲ್ಲಿ ಚಿತ್ರದ ಮಧ್ಯ 145ರಿಂದ 150 ಸೆಂ.ಮೀ. ಆಸುಪಾಸಿಗೆ ಬರೋ ಹಾಗೆ ತೂಗುಹಾಕೋದೂ ಇದೇ ಕಾರಣಕ್ಕೆ, ಅಲ್ಲಿ ನೋಡೋರು ನಿಂತಿರ್ತಾರೆ. ಟಿವಿ ಮುಂದೆ ಯಾರೂ ನಿಂತಿರಲ್ಲ.

ಹಾಗಾಗಿ ಮೊದಲು ಅಳೀಬೇಕಾದ್ದು ಗೋಡೆಯನ್ನಲ್ಲ, ಕೂತವರನ್ನ. ನೀವು ದಿನಾ ಹೇಗೆ ಒರಗ್ತೀರೋ ಹಾಗೇ ಕೂತ್ಕೊಳ್ಳಿ, ನೆಟ್ಟಗೆ ಕೂತು ಅಳತೆ ಕೊಡಬೇಡಿ. ಮನೆಯವರು ಯಾರಾದರೂ ನೆಲದಿಂದ ನಿಮ್ಮ ಕಣ್ಣಿನ ಕೊನೆಗೆ ಟೇಪು ಹಿಡೀಲಿ. ಹೆಚ್ಚಿನ ಸೋಫಾಗಳಲ್ಲಿ 100ರಿಂದ 110 ಸೆಂ.ಮೀ. ಒಳಗೆ ಬರುತ್ತೆ. ತಗ್ಗಿನ, ಕುಸಿಯೋ ಮೆತ್ತೆ ಆದರೆ 95ಕ್ಕೂ ಇಳಿಯುತ್ತೆ. ಅಮ್ಮನ ಅಳತೆ ಬೇರೆಯಾಗೇ ತಗೊಳ್ಳಿ.

ಕಣ್ಣಳತೆ

ನಾನು ಕನ್ನಡಕದ ಅಳತೆ ತೆಗೆಯೋ ಕೆಲಸದಲ್ಲಿದೀನಿ, ಅದಕ್ಕೇ ಈ ವಿಷಯ ಬಂದರೆ ಸುಮ್ಮನಿರಕ್ಕಾಗಲ್ಲ.

ಕಣ್ಣಿಗೆ ಆರಾಮದ ನೋಟ ನೇರ ಮುಂದಕ್ಕಲ್ಲ, ನೇರಕ್ಕಿಂತ ಸ್ವಲ್ಪ ಕೆಳಕ್ಕೆ. ಸುಮ್ಮನೆ ಕೂತವರ ದೃಷ್ಟಿ ತಾನಾಗಿಯೇ ಹತ್ತು ಹದಿನೈದು ಡಿಗ್ರಿ ಇಳಿದಿರುತ್ತೆ. ಮೇಲೆ ನೋಡಬೇಕಾದರೆ ಎರಡು ಕೆಲಸ ಆಗುತ್ತೆ: ಕಣ್ಣಗುಡ್ಡೆ ಮೇಲಕ್ಕೆ ತಿರುಗುತ್ತೆ, ಅದು ಸಾಲದಾದಾಗ ಗದ್ದ ಎದ್ದು ಕತ್ತು ಹಿಂದಕ್ಕೆ ಬಾಗುತ್ತೆ. ಐದು ನಿಮಿಷಕ್ಕೆ ಏನೂ ಅನಿಸಲ್ಲ. ಎರಡು ಗಂಟೆ ಅದೇ ಭಂಗಿಯಲ್ಲಿದ್ದರೆ ಕತ್ತಿನ ಹಿಂಭಾಗದ ಸ್ನಾಯುಗಳು ಬಿಗೀತವೆ. ನಿಮ್ಮ ಅಮ್ಮನಿಗೆ ಆಗಿದ್ದೂ ಇದೇ ಇರಬಹುದು.

ಇನ್ನೊಂದನ್ನ ಯಾರೂ ಹೇಳಲ್ಲ. ಮೇಲೆ ನೋಡುವಾಗ ರೆಪ್ಪೆ ಹೆಚ್ಚು ತೆರೆದಿರುತ್ತೆ, ಕಣ್ಣೀರಿನ ಪದರ ಬೇಗ ಆರುತ್ತೆ. ಮೊದಲೇ ಒಣಗಣ್ಣು ಇರೋರಿಗೆ ಎತ್ತರದ ಟಿವಿ ಮುಂದೆ ಉರಿ ಜಾಸ್ತಿ.

ಅಮ್ಮ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕ್ತಾರಾ? ಹಾಗಿದ್ದರೆ ಅತೀ ಕೆಳಗೂ ಬೇಡ. ಆ ಗಾಜಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಓದೋಕೆ. ಟಿವಿ ತೀರಾ ಕೆಳಗಿದ್ದರೆ ದೂರದ ಚಿತ್ರವನ್ನ ಓದೋ ಭಾಗದಿಂದ ನೋಡಿದ ಹಾಗಾಗಿ ಮಂಜು ಮಂಜಾಗುತ್ತೆ, ಆಗ ಗದ್ದ ಎದೆಗೆ ಒತ್ತಿಕೊಂಡು ನೋಡ್ತಾರೆ. ಅದೂ ಕತ್ತುನೋವೇ.

ಹೊಸಗೋಡೆ

ಇಬ್ಬರಿಗೂ ಧನ್ಯವಾದ. ಈಗಷ್ಟೇ ಅಳೆದೆ. ನನ್ನ ಕಣ್ಣು 104 ಸೆಂ.ಮೀ., ಅಮ್ಮನದು 99. ನೆಟ್ಟಗೆ ಕೂತಾಗ ನನ್ನದು 111 ಇತ್ತು, ಒರಗಿದ ತಕ್ಷಣ ಏಳು ಸೆಂ.ಮೀ. ಇಳೀತು. ಇಷ್ಟು ವ್ಯತ್ಯಾಸ ಬರುತ್ತೆ ಅಂತ ಊಹಿಸಿರಲಿಲ್ಲ. ಅಮ್ಮನದು ಪ್ರೋಗ್ರೆಸಿವ್ ಕನ್ನಡಕವೇ.

ಕತ್ತಲೆಕೋಣೆ

ಅಂಕಿ ಸಿಕ್ಕಿದ್ದು ಒಳ್ಳೇದಾಯ್ತು, ಈಗ ಲೆಕ್ಕ ಹಾಕಬಹುದು. 16:9 ಪರದೆಯ ಎತ್ತರ ಅದರ ಕರ್ಣದ 0.49 ಪಾಲು. ನಿಮ್ಮದು 68.5 ಸೆಂ.ಮೀ., ಅರ್ಧ ಅಂದರೆ 34 ಚಿಲ್ಲರೆ.

ಐದಡಿಗೆ ಹಾಕಿದರೆ ಮಧ್ಯ 152ರಲ್ಲಿ, ಮೇಲಂಚು 186ರಲ್ಲಿ. ನಿಮ್ಮ ಕಣ್ಣಿಗಿಂತ ಮೇಲಂಚು 82 ಸೆಂ.ಮೀ. ಮೇಲೆ. 270 ಸೆಂ.ಮೀ. ದೂರದಿಂದ ಅದು ಸುಮಾರು 17 ಡಿಗ್ರಿ. ಮಧ್ಯಭಾಗವೇ 10 ಡಿಗ್ರಿ ಮೇಲಿದೆ, ಅಂದರೆ ಇಡೀ ಸಿನಿಮಾ ನೀವು ಮೇಲೆ ನೋಡ್ತಾನೇ ಇರ್ತೀರಿ. ಮಧ್ಯವನ್ನ 110ಕ್ಕೆ ಇಳಿಸಿ ನೋಡಿ: ಮೇಲಂಚು 144, ಕೋನ 8 ಡಿಗ್ರಿ ಚಿಲ್ಲರೆ.

ನಾನು ಇಟ್ಟುಕೊಂಡಿರೋ ಮಿತಿ ಇಷ್ಟೇ: ಮೇಲಂಚು 15 ಡಿಗ್ರಿ ದಾಟಬಾರದು. ಕಣ್ಣಿನಿಂದ ಗೋಡೆಗಿರೋ ದೂರವನ್ನ 0.27ರಿಂದ ಗುಣಿಸಿ, ಬಂದದ್ದನ್ನ ಕಣ್ಣಿನ ಎತ್ತರಕ್ಕೆ ಕೂಡಿಸಿ. ನಿಮಗೆ 270ಕ್ಕೆ 73, ಅದಕ್ಕೆ 104 ಸೇರಿದರೆ 177. ಮೇಲಂಚು ಅದಕ್ಕಿಂತ ಮೇಲೆ ಹೋಗೋ ಹಾಗಿಲ್ಲ. ಆದರೆ ಇದು ಗಡಿ, ಗುರಿಯಲ್ಲ. 177ರವರೆಗೂ ಜಾಗ ಇದೆ ಅಂತ ಅಲ್ಲಿಗೇ ಒಯ್ಯಬೇಡಿ.

ಕಣ್ಣಿನ ನೇರಕ್ಕೆ ಪರದೆಯ ಕೆಳಗಿನ ಮೂರನೇ ಒಂದು ಭಾಗ ಬಂದರೆ ನನಗೆ ಹಿತ. ನಿಮ್ಮ ಅಳತೆಗೆ ಪರದೆಯ ಕೆಳಂಚು 81, ಮಧ್ಯ 115 ಆಗುತ್ತೆ.

ಎರಡುಮಕ್ಕಳತಾಯಿ

ಎಲ್ಲರೂ ಕೆಳಗೆ ಕೆಳಗೆ ಅಂತಿದೀರಿ, ನನ್ನ ಮಾತೂ ಕೇಳಿ. ನಮ್ಮ ಚಿಕ್ಕವನಿಗೆ ಎರಡು ವರ್ಷ. ಕೈ ಎತ್ತಿದರೆ ಒಂದು ಮೀಟರ್ ಎಟಕುತ್ತೆ. ಕೆಳಂಚು 81ಕ್ಕೆ ಬಂದರೆ ಪರದೆ ಮೇಲೆ ಅವನ ಅಂಗೈ, ಆಟಿಕೆ, ಚಮಚ ಎಲ್ಲಾ ಬೀಳುತ್ತೆ. ನಾವು 140ಕ್ಕೆ ಹಾಕಿಸಿದೀವಿ, ಅದರ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ. ಕತ್ತು ನೋವಿಗಿಂತ ಮಗುವಿನ ಮೇಲೆ ಟಿವಿ ಬೀಳೋದು ದೊಡ್ಡ ಭಯ.

ರಸಮಟ್ಟ

ಅಕ್ಕಾ, ನಿಮ್ಮ ಭಯ ನ್ಯಾಯವಾದ್ದೇ. ಆದರೆ ಮಗುವಿನ ಮೇಲೆ ಬೀಳೋದು ಹೆಚ್ಚಾಗಿ ಮೇಜಿನ ಮೇಲೆ ಸ್ಟ್ಯಾಂಡಲ್ಲಿ ನಿಲ್ಲಿಸಿದ ಟಿವಿ, ಇಲ್ಲಾಂದ್ರೆ ಮಗು ಡ್ರಾಯರ್ ಎಳೆದು ಹತ್ತಿದಾಗ ಕ್ಯಾಬಿನೆಟ್ ಸಮೇತ ಮಗುಚೋ ಟಿವಿ. ಗೋಡೆಗೆ ಸರಿಯಾಗಿ ಬಿಗಿದ ಟಿವಿ 110ಕ್ಕಿದ್ದರೂ 140ಕ್ಕಿದ್ದರೂ ಅಷ್ಟೇ ಭದ್ರ. ನೋಡಬೇಕಾದ್ದು ಬೇರೆ ಇದೆ. ಬ್ರಾಕೆಟ್‌ನ ಕೆಳಗಡೆ ಲಾಕ್ ಸ್ಕ್ರೂ ಇರುತ್ತೆ, ಅದನ್ನ ಬಿಗಿಯದೇ ಹೋಗೋರು ಬೇಕಾದಷ್ಟು ಜನ. ಅದು ಸಡಿಲ ಇದ್ದರೆ ಕೆಳಗಿಂದ ಮೇಲಕ್ಕೆ ಎತ್ತಿದಾಗ ಟಿವಿ ಕೊಂಡಿಯಿಂದ ಕಳಚಿ ಬರುತ್ತೆ. ಜೊತೆಗೆ ಕೆಳಗಿನ ಕ್ಯಾಬಿನೆಟ್ಟನ್ನೂ ಗೋಡೆಗೆ ಬಿಗೀರಿ. ರಿಮೋಟು, ಆಟಿಕೆ ಅದರ ಮೇಲಿಡಬೇಡಿ, ಅದನ್ನ ತಗೊಳ್ಳೋಕೇ ಮಕ್ಕಳು ಹತ್ತೋದು.

ಎರಡುಮಕ್ಕಳತಾಯಿ

ಲಾಕ್ ಸ್ಕ್ರೂ ಓದಿದ ತಕ್ಷಣ ಎದ್ದು ಹೋಗಿ ಟಾರ್ಚ್ ಹಾಕಿ ನೋಡಿದೆ. ಒಂದು ಬಿಗಿದಿದೆ, ಇನ್ನೊಂದು ಇಲ್ಲವೇ ಇಲ್ಲ! ನಾಳೆಯೇ ಹಾಕಿಸ್ತೀನಿ. ಎತ್ತರದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ. ಮಗು ಚಿಕ್ಕದಿರೋ ಮನೆಯಲ್ಲಿ ನಾಲ್ಕೈದು ವರ್ಷ ಸ್ವಲ್ಪ ಮೇಲಿರೋದೇ ಸರಿ. ನಮ್ಮ ಸೋಫಾ ನಾಲ್ಕು ಮೀಟರ್ ದೂರದಲ್ಲಿದೆ, ಅದಕ್ಕೂ ಇರಬಹುದು ನಮಗೆ ಕತ್ತು ನೋಯಲ್ಲ.

ಕತ್ತಲೆಕೋಣೆ

ಖಂಡಿತ ಅದಕ್ಕೇ. ದೂರ ಹೆಚ್ಚಿದಷ್ಟೂ ಕೋನ ಸಣ್ಣದಾಗುತ್ತೆ. ಕಣ್ಣಿಗಿಂತ 40 ಸೆಂ.ಮೀ. ಮೇಲಿರೋದು ನಾಲ್ಕು ಮೀಟರಿಂದ 6 ಡಿಗ್ರಿಗಿಂತ ಕಡಿಮೆ, ಎರಡು ಮೀಟರಿಂದ 11 ಡಿಗ್ರಿ ಚಿಲ್ಲರೆ. ಒಂದೇ ಎತ್ತರ ಒಬ್ಬರಿಗೆ ಒಗ್ಗಿ ಇನ್ನೊಬ್ಬರಿಗೆ ಒಗ್ಗದೇ ಇರೋದಕ್ಕೆ ಇದೇ ಕಾರಣ. "ಇಂತಿಷ್ಟು ಅಡಿ" ಅಂತ ಒಂದೇ ಅಂಕಿ ಕೇಳಿದರೆ ನಾನು ಕೊಡಲ್ಲ.

ಹೊಸಗೋಡೆ

ನಮ್ಮ ಮನೇಲಿ ಅಣ್ಣ ಇನ್ನೊಂದು ದಾರಿ ಹೇಳ್ತಿದಾನೆ. ಐದಡಿಗೇ ಹಾಕಿಸು, ಟಿಲ್ಟ್ ಬ್ರಾಕೆಟ್ ತಗೊಂಡು ಮುಂದಕ್ಕೆ ಬಗ್ಗಿಸಿದರೆ ಆಯ್ತು ಅಂತ. ಕೆಳಗೆ ಗೋಡೆ ಖಾಲಿ ಕಾಣುತ್ತೆ, ಸಾಮಾನು ಇಡೋಕೂ ಜಾಗ ಸಿಗುತ್ತೆ ಅನ್ನೋದು ಅವನ ವಾದ.

ಕತ್ತಲೆಕೋಣೆ

ಟಿಲ್ಟ್ ಚಿತ್ರವನ್ನ ಸರಿಮಾಡುತ್ತೆ, ಕತ್ತನ್ನಲ್ಲ. ಇವೆರಡನ್ನೂ ಕಲಸಿಕೊಳ್ಳೋರೇ ಜಾಸ್ತಿ. ಟಿವಿಯನ್ನ ಎಷ್ಟೇ ಬಗ್ಗಿಸಿದರೂ ಅದು ಇರೋದು ಅಷ್ಟೇ ಎತ್ತರದಲ್ಲಿ, ಗದ್ದ ಅಷ್ಟೇ ಏಳಬೇಕು.

ಚಿತ್ರಕ್ಕೆ ಉಪಯೋಗ ಇದೆ, ಅದನ್ನ ಅಲ್ಲಗಳೆಯಲ್ಲ. ಎಲ್‌ಇಡಿ ಟಿವಿಗಳಲ್ಲಿ ವಿಎ, ಐಪಿಎಸ್ ಅಂತ ಎರಡು ಮುಖ್ಯ ಬಗೆಯ ಪರದೆ ಬರ್ತವೆ. ವಿಎ ಪ್ಯಾನೆಲ್ ಇದ್ದರೆ ನೇರದಿಂದ ಸರಿದಷ್ಟೂ ಕಪ್ಪು ಬೂದಿಯಾಗಿ ಬಣ್ಣ ತೊಳೆದ ಹಾಗೆ ಕಾಣುತ್ತೆ. ಐಪಿಎಸ್ ಕೋನವನ್ನ ಚೆನ್ನಾಗಿ ತಡೆಯುತ್ತೆ, ಆದರೆ ಅದರ ಕಪ್ಪು ಮೊದಲೇ ಅಷ್ಟು ಗಾಢ ಅಲ್ಲ. ಓಎಲ್‌ಇಡಿಗೆ ಈ ತೊಂದರೆ ಇಲ್ಲ ಅಂದರೂ ನಡೆಯುತ್ತೆ. ಎತ್ತರಕ್ಕೆ ಹಾಕಲೇಬೇಕಾದ ಕಡೆ ವಿಎ ಟಿವಿಯನ್ನ ನಿಮ್ಮ ಕಣ್ಣಿಗೆ ನೇರ ಬರೋ ಹಾಗೆ ಬಗ್ಗಿಸಿದರೆ ಬಣ್ಣ ವಾಪಸ್ ಬರುತ್ತೆ. ಚಾವಣಿ ದೀಪದ ಹೊಳಪೂ ಪರದೆಯಿಂದ ಮೇಲಕ್ಕೆ ಜಾರುತ್ತೆ.

ಖಾಲಿ ಗೋಡೆ ಚೆಂದ ಕಾಣೋದು ಟಿವಿ ಆಫ್ ಇದ್ದಾಗ. ನೀವು ಟಿವಿ ತಗೊಂಡಿರೋದು ಆನ್ ಮಾಡೋಕೆ.

ಹಾಸಿಗೆಬದಿ

ಮಲಗೋ ಕೋಣೆಗೆ ಮಾತ್ರ ಲೆಕ್ಕ ಬೇರೆ, ಅದನ್ನೂ ಸೇರಿಸ್ತೀನಿ. ದಿಂಬಿಗೆ ಒರಗಿ ಅರ್ಧ ಮಲಗಿದಾಗ ಮುಖವೇ ಮೇಲ್ಮುಖ ಆಗಿರುತ್ತೆ. ಅಲ್ಲಿ ಸೋಫಾದ ಎತ್ತರಕ್ಕೆ ಹಾಕಿದರೆ ಗದ್ದ ಎದೆಗೆ ಒತ್ತಿ, ಕಾಲ್ಬೆರಳ ನಡುವೆ ಇಣುಕಿ ನೋಡಬೇಕಾಗುತ್ತೆ. ಒರಗಿದಾಗ ನನ್ನ ಕಣ್ಣು ನೆಲದಿಂದ 95 ಸೆಂ.ಮೀ., ಗೋಡೆ 280 ದೂರ. ಹತ್ತು ಡಿಗ್ರಿ ಮೇಲಕ್ಕೆ ಅಂದರೆ 49 ಸೆಂ.ಮೀ. ಕೂಡಿಸಬೇಕು. 144 ಬಂತು, 140ಕ್ಕೆ ಹಾಕಿದೆ, ಹತ್ತು ಡಿಗ್ರಿ ಮುಂದಕ್ಕೆ ಬಗ್ಗಿಸಿದೆ. ಎರಡು ವರ್ಷ ಆಯ್ತು, ಹಿತವಾಗಿದೆ.

ಕಣ್ಣಳತೆ

ಇದು ಸರಿ. ಹಾಸಿಗೆಯಲ್ಲಿ ಪ್ರೋಗ್ರೆಸಿವ್ ಕನ್ನಡಕದವರ ಪಾಡು ಇನ್ನೂ ಕಷ್ಟ, ಕಾಲಿನ ಕಡೆ ನೋಡುವಾಗ ನೋಟ ಗಾಜಿನ ಓದೋ ಭಾಗದಿಂದಲೇ ಹೋಗುತ್ತೆ. ದೂರಕ್ಕೆ ಮಾತ್ರ ಇರೋ ಇನ್ನೊಂದು ಕನ್ನಡಕವನ್ನ ಹಾಸಿಗೆ ಪಕ್ಕ ಇಟ್ಟುಕೊಂಡರೆ ತೊಂದರೆ ನೀಗುತ್ತೆ.

ರಸಮಟ್ಟ

ಹೊಸಗೋಡೆಯವರೇ, ಲೆಕ್ಕ ಸಾಕು, ಈಗ ರಟ್ಟು ತಗೊಳ್ಳಿ. ಟಿವಿ ಬಂದ ಪೆಟ್ಟಿಗೆಯನ್ನೇ ಕತ್ತರಿಸಿ. 55 ಇಂಚಿಗೆ ಚೌಕಟ್ಟೂ ಸೇರಿ ಸುಮಾರು 123 ಸೆಂ.ಮೀ. ಅಗಲ, 71 ಎತ್ತರ. ಮಾಸ್ಕಿಂಗ್ ಟೇಪಲ್ಲಿ ಗೋಡೆಗೆ ಅಂಟಿಸಿ. ಎಲ್ಲರೂ ಅವರವರ ಜಾಗದಲ್ಲಿ ಸಂಜೆ ಹೊತ್ತು ಕೂರಲಿ. ಮೂರು ರಾತ್ರಿಯಾದರೂ ಇರಲಿ, ಮೊದಲನೇ ದಿನ ಎಲ್ಲರಿಗೂ "ಇಷ್ಟು ಕೆಳಗಾ?" ಅನಿಸುತ್ತೆ. ಮೂರನೇ ದಿನಕ್ಕೆ ಆ ಮಾತು ನಿಲ್ಲುತ್ತೆ. ನನ್ನ ಕೆಲಸದಲ್ಲಿ ಇದನ್ನ ಎಷ್ಟೋ ಸಲ ನೋಡಿದೀನಿ.

ನೆಲದ ಮೇಲೆ ಕೂರೋರು ಇದ್ದರೆ ಅವರನ್ನೂ ಕೂರಿಸಿ ನೋಡಿ. ಚಕ್ಕಳಮಕ್ಕಳ ಹಾಕಿ ಕೂತವರ ಕಣ್ಣು 75–80 ಸೆಂ.ಮೀ.ಗೆ ಬರುತ್ತೆ, ಅಲ್ಲದೆ ಅವರು ಪರದೆಗೆ ಹತ್ತಿರ ಇರ್ತಾರೆ. ಸೋಫಾಗೆ ಹಿತವಾದ್ದು ಅವರಿಗೆ ಮೇಲಾಗಿರುತ್ತೆ.

ಹೊಸಗೋಡೆ

ಮೂರು ರಾತ್ರಿ ಆಯ್ತು, ವರದಿ ಒಪ್ಪಿಸ್ತಿದೀನಿ.

ಮೊದಲ ದಿನ ರಟ್ಟಿನ ಮಧ್ಯ 115ಕ್ಕೆ ಅಂಟಿಸಿದೆ. ನೀವು ಹೇಳಿದ ಹಾಗೇ ಅಣ್ಣ "ಇದೇನು ಟಿವಿ ನೆಲಕ್ಕೆ ಬಿದ್ದ ಹಾಗಿದೆ" ಅಂದ. ಅದರ ಮೇಲೆ ಒಂದು ಪೇಪರ್ ಹಾಳೆ ಅಂಟಿಸಿ ನಡುವೆ ದಪ್ಪಗೆ ಗುರುತು, ಕೆಳಗೆ ಒಂದಿಷ್ಟು ಅಕ್ಷರ ಹಾಕಿದ್ದೆ. ಅಮ್ಮನಿಗೆ ಏನೂ ಹೇಳದೆ ಪಕ್ಕದಲ್ಲಿ ಕೂತು ಮಾತಾಡ್ತಾ ಅವರ ಗದ್ದ ಗಮನಿಸ್ತಿದ್ದೆ. ಒಂದೇ ಒಂದು ಸಲವೂ ಎತ್ತಲಿಲ್ಲ. ಎರಡನೇ ದಿನ ಬೇಕಂತಲೇ 152ಕ್ಕೆ ಏರಿಸಿದೆ. ಅರ್ಧ ಗಂಟೆಗೆ ಅಮ್ಮ ಸೋಫಾದಲ್ಲಿ ಮುಂದಕ್ಕೆ ಜಾರಿ ತಲೆಯನ್ನ ಬೆನ್ನಿನ ಮೆತ್ತೆಗೆ ಆನಿಸಿಕೊಂಡ್ರು. ಹಳೆ ಮನೆಯಲ್ಲೂ ಹೀಗೇ ಕೂರ್ತಿದ್ರು, ನನಗೆ ಹೊಟ್ಟೆ ಚುರ್ ಅಂತು. ಮೂರನೇ ದಿನ 108ಕ್ಕೆ ಇಳಿಸಿದಾಗ ಮಾತ್ರ ಕನ್ನಡಕದಿಂದ ಕೆಳಗಿನ ಅಕ್ಷರ ಮಸುಕು ಅಂದ್ರು. ಕೊನೆಗೆ 113ಕ್ಕೆ ನಿಂತ್ವಿ. ಅಣ್ಣನೂ ಒಪ್ಪಿದ.

ಸೌಂಡ್‌ಬಾರ್ 7 ಸೆಂ.ಮೀ. ದಪ್ಪ, ಅದರ ತಲೆ 57ಕ್ಕೆ ಬರುತ್ತೆ. ಟಿವಿ ಕೆಳಂಚು 77ರ ಹತ್ತಿರ. ರಿಮೋಟಿನ ಕಿಂಡಿಗೆ ಏನೂ ಅಡ್ಡ ಬರಲ್ಲ.

ಈಗ ಕೊನೇ ಪ್ರಶ್ನೆ. ಮಧ್ಯ 113 ಅಂದರೆ ತೂತು ಎಷ್ಟಕ್ಕೆ ಹೊಡೀಬೇಕು?

ರಸಮಟ್ಟ

ಒಳ್ಳೇ ಸಮಯಕ್ಕೆ ಕೇಳಿದ್ರಿ, ಇಷ್ಟೆಲ್ಲಾ ಲೆಕ್ಕ ಹಾಕಿದವರೂ ಇಲ್ಲೇ ಎಡವೋದು. ತೂತಿನ ಎತ್ತರ ಬೇರೆ, ಟಿವಿ ಮಧ್ಯ ಬೇರೆ. ಟಿವಿ ಹಿಂದೆ ಬ್ರಾಕೆಟ್ ಬಿಗಿಯೋಕೆ ಇರೋ ನಾಲ್ಕು ವೆಸಾ ತೂತುಗಳು (200×200, 300×200, 400×400 ಅಂತೆಲ್ಲ ಮಿ.ಮೀ. ಲೆಕ್ಕದಲ್ಲಿ ಇರ್ತವೆ) ನಡುಮಧ್ಯದಲ್ಲೇ ಇರುತ್ತೆ ಅನ್ನೋ ನಂಬಿಕೆ ಬೇಡ, ಎಷ್ಟೋ ಟಿವಿಗಳಲ್ಲಿ ಕೆಳಕ್ಕೆ ಇರ್ತವೆ.

ಟಿವಿಯನ್ನ ಕಂಬಳಿ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ, ಪರದೆ ಮೇಲೆ ಭಾರ ಬೀಳದ ಹಾಗೆ. ಬ್ರಾಕೆಟ್ ಪಟ್ಟಿಗಳನ್ನ ಬಿಗೀರಿ. ಟಿವಿ ಮೇಲಂಚಿನಿಂದ ಪಟ್ಟಿಯ ಕೊಂಡಿ ಕೂರೋ ಜಾಗಕ್ಕೆ ಅಳೆದುಕೊಳ್ಳಿ, ಉದಾಹರಣೆಗೆ 30 ಸೆಂ.ಮೀ. ಅಂತಿಟ್ಕೊಳ್ಳಿ. ಗೋಡೆ ತಟ್ಟೆಯ (ಗೋಡೆಗೆ ಬಿಗಿಯೋ ಭಾಗ, ಕೊಂಡಿ ಕೂರೋದು ಇದರ ಮೇಲಂಚಿಗೆ) ಮೇಲಂಚಿನಿಂದ ಅದರ ತೂತಿಗೆ ಅಳೆಯಿರಿ, 4 ಅನ್ನಿ. ಟಿವಿ 71 ಎತ್ತರ, ಮಧ್ಯ 113 ಬೇಕು ಅಂದರೆ ಮೇಲಂಚು 148.5. ಅದರಲ್ಲಿ 30 ಕಳೆದರೆ 118.5, ಇನ್ನೊಂದು 4 ಕಳೆದರೆ 114.5. ತೂತು ಅಲ್ಲಿಗೆ. ನಿಮ್ಮ ಅಳತೆ ಹಾಕಿ ಇದೇ ದಾರಿಯಲ್ಲಿ ಬನ್ನಿ, ಇನ್ನೊಬ್ಬರ ಕೈಲಿ ಮತ್ತೊಮ್ಮೆ ಮಾಡಿಸಿ. ತಟ್ಟೆಗೆ ರಸಮಟ್ಟ ಇಟ್ಟು ಗುರುತು ಹಾಕಿ. ನೆಲವನ್ನ ನಂಬಿ ಎರಡೂ ತುದಿಗೆ ಟೇಪಿಂದ ಅಳೆದರೆ ಮೋಸ ಹೋಗ್ತೀರಿ, ನೆಲ ಎಲ್ಲಾ ಕಡೆ ಮಟ್ಟ ಇರಲ್ಲ.

ಗೋಡೆ ಯಾವುದು ಅನ್ನೋದನ್ನ ಬಂದವರಿಗೆ ಮೊದಲೇ ಹೇಳಿ. ಗಟ್ಟಿ ಇಟ್ಟಿಗೆ, ಕಾಂಕ್ರೀಟಿಗೆ ಒಂದು ರೀತಿ ಆಂಕರ್ (ತೂತಿನೊಳಗೆ ಕೂತು ಸ್ಕ್ರೂ ಹಿಡಿದಿಡೋದು), ಹಾಲೋ ಬ್ಲಾಕಿಗೂ ಹಗುರ ಬ್ಲಾಕಿಗೂ ಅದರದರದೇ ಆಂಕರ್ ಇದೆ. ಪ್ಲಾಸ್ಟರ್ ಪದರದಲ್ಲಿ ಮಾತ್ರ ಹಿಡಿದ ಆಂಕರ್ ಆಂಕರೇ ಅಲ್ಲ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಇಡಬೇಡಿ, ವೈರು ಹಾಗೇ ಹೋಗಿರುತ್ತೆ.

ಎಳೆಯೋ ತೋಳಿನ ಬ್ರಾಕೆಟ್ ಬೇಕು ಅಂದರೆ ಯೋಚನೆ ಮಾಡಿ. 18 ಕೆ.ಜಿ. ಟಿವಿಯನ್ನ ಗೋಡೆಯಿಂದ 50 ಸೆಂ.ಮೀ. ಮುಂದಕ್ಕೆ ಎಳೆದರೆ, ಮೇಲಿನ ಕೆಳಗಿನ ಬೋಲ್ಟುಗಳ ನಡುವೆ 20 ಸೆಂ.ಮೀ. ಇದ್ದಾಗ, ಮೇಲಿನವನ್ನ ಕೀಳೋ ಸೆಳೆತ 45 ಕೆ.ಜಿ. ಭಾರದಷ್ಟಾಗುತ್ತೆ. ಚಪ್ಪಟೆ ಬ್ರಾಕೆಟ್ಟಲ್ಲಿ ಅದು ಐದಾರು ಕೆ.ಜಿ. ಅಷ್ಟೇ.

ಹೊಸಗೋಡೆ

ಹಾಕಿಸಿಯಾಯ್ತು. ಬಂದವರು ಮೊದಲು "ಸರ್, ಇಷ್ಟು ಕೆಳಗೆ ಯಾರೂ ಹಾಕಲ್ಲ" ಅಂದ್ರು. ಸೋಫಾದಲ್ಲಿ ಕೂತು ರಟ್ಟು ನೋಡಿ ಅಂದೆ. ಕೂತು ನೋಡಿ, ಏನೂ ಮಾತಾಡದೆ ಪೆನ್ಸಿಲ್ ತೆಗೆದ್ರು. ನಮ್ಮ ಟಿವಿಯಲ್ಲಿ ಕೊಂಡಿ ಮೇಲಂಚಿನಿಂದ 33ರಲ್ಲಿತ್ತು, ಹಾಗಾಗಿ ತೂತು 111.5ಕ್ಕೆ ಬಂತು. ಉದಾಹರಣೆಯ 114.5ಕ್ಕೇ ಹೊಡೆಸಿದ್ದರೆ ಮೂರು ಸೆಂ.ಮೀ. ಮೇಲೆ ಹೋಗ್ತಿತ್ತು. ಲಾಕ್ ಸ್ಕ್ರೂ ಎರಡನ್ನೂ ನನ್ನ ಕಣ್ಣೆದುರೇ ಬಿಗಿಸಿದೆ. ನಿನ್ನೆ ಅಮ್ಮ ಪೂರ್ತಿ ಸಿನಿಮಾ ನೋಡಿದ್ರು, ಮುಗಿದ ಮೇಲೆ ಇನ್ನೊಂದು ಹಾಕು ಅಂದ್ರು.

ಚಿಕ್ಕಕೋಣೆ

ಈ ಚರ್ಚೆ ಪೂರ್ತಿ ಓದಿದೆ. ನಮ್ಮದು 43 ಇಂಚು, ಕಣ್ಣಿನಿಂದ ಗೋಡೆಗೆ ಬರೀ 200 ಸೆಂ.ಮೀ., ಕಣ್ಣಿನ ಎತ್ತರ 98. ಯಾರಾದರೂ ಹೇಳ್ತೀರಾ?

ಹೊಸಗೋಡೆ

ಈ ಸಲ ನಾನೇ ಹೇಳ್ತೀನಿ. 43 ಇಂಚಿನ ಪರದೆ 53.5 ಸೆಂ.ಮೀ. ಎತ್ತರ. 200ಕ್ಕೆ 0.27 ಅಂದರೆ 54, ಅದಕ್ಕೆ 98 ಸೇರಿ 152: ಮೇಲಂಚು ಅದನ್ನ ದಾಟೋ ಹಾಗಿಲ್ಲ. ಕಣ್ಣಿನ ನೇರಕ್ಕೆ ಕೆಳಗಿನ ಮೂರನೇ ಒಂದು ಭಾಗ ತಂದರೆ ಕೆಳಂಚು 80, ಮಧ್ಯ 107, ಮೇಲಂಚು 134ರ ಹತ್ತಿರ. ಶುರುವಿಗೆ ರಟ್ಟನ್ನ ಅಲ್ಲಿಗೆ ಅಂಟಿಸಿ, ಮೂರು ರಾತ್ರಿ ಬಿಡಿ. ಮನೆಯಲ್ಲಿ ಪ್ರೋಗ್ರೆಸಿವ್ ಕನ್ನಡಕದವರು ಇದ್ದಾರಾ? ನೆಲದ ಮೇಲೆ ಕೂರೋರು?